ಬೋ ನದಿ ಉಕ್ಕಿದ ವಾರ

ಕಾಲೇಜಿನ ಸಂಚಿಕೆಗೆ ಹೊರದೇಶದಲ್ಲಿ ಓದಿದ ನೆನಪು ಬರೆದುಕೊಡಿ ಅಂತ ಸಂಪಾದಕರು ಕೇಳಿದರು. ನನಗೆ ಮೊದಲು ನೆನಪಾದದ್ದು ಲ್ಯಾಬೂ ಅಲ್ಲ, ಹಿಮವೂ ಅಲ್ಲ. ಕೆನಡಾದ ಕ್ಯಾಲ್ಗರಿ ಊರಿನ ಮೇಯರ್ ನಹೀದ್ ನೆನ್ಶಿ.

ನಾನು ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೆ. ನದಿ ಪಕ್ಕದ ಸನ್ನಿಸೈಡ್ ಬಡಾವಣೆಯಲ್ಲಿ ಒಂದು ಹಳೇ ಮನೆಯ ನೆಲಮಾಳಿಗೆ ಬಾಡಿಗೆಗೆ ಹಿಡಿದಿದ್ದೆ. 2013ರ ಜೂನ್ 20, ಗುರುವಾರ. ರಾಕಿ ಬೆಟ್ಟಗಳ ಕಡೆ ಜೋರು ಮಳೆ. ಕರಗದೇ ಉಳಿದಿದ್ದ ಹಿಮದ ನೀರೂ ಸೇರಿಕೊಂಡಿತು. ಬೋ, ಎಲ್ಬೋ ಅಂತ ಎರಡು ನದಿಗಳು ಊರ ನಡುವೆಯೇ ಕೂಡುತ್ತವೆ. ಎರಡೂ ಉಕ್ಕಿದವು. ಮನೆ ಖಾಲಿ ಮಾಡಿ ಅಂತ ನಮಗೂ ಹೇಳಿದರು. ಪಾಸ್‌ಪೋರ್ಟು, ಮಾರ್ಕ್ಸ್ ಕಾರ್ಡು, ಅಮ್ಮ ಕಳಿಸಿದ್ದ ಸಾರಿನ ಪುಡಿ ಡಬ್ಬಿ. ಇಷ್ಟನ್ನು ಬ್ಯಾಗಿಗೆ ತುಂಬಿಕೊಂಡು ಗುಡ್ಡ ಹತ್ತಿದೆ. ಮೇಲೆ ದಾವಣಗೆರೆಯ ಗೆಳೆಯ ಕಾರು ತಂದು ಕಾಯುತ್ತಿದ್ದ. ಅವನ ಮನೆ ಎಜ್‌ಮಾಂಟ್‌ನಲ್ಲಿ. ಅಲ್ಲಿಗೆ ನೀರಿನ ಭಯ ಇರಲಿಲ್ಲ.

ಮುಂದಿನ ದಿನಗಳಲ್ಲಿ ಟಿ.ವಿ. ಮುಂದಿನಿಂದ ಎದ್ದದ್ದೇ ಕಡಿಮೆ. ಯಾವ ಬಡಾವಣೆ ಖಾಲಿ ಮಾಡಬೇಕು, ಯಾವ ಸೇತುವೆ ಮುಚ್ಚಿದೆ, ಯಾಕೆ ಮುಚ್ಚಿದೆ, ಎಲ್ಲವನ್ನೂ ಮೇಯರ್ ಬಂದು ಬಿಡಿಸಿ ಹೇಳುತ್ತಿದ್ದರು. ಒಳ್ಳೇ ಮೇಷ್ಟ್ರು ಪಾಠ ಮಾಡಿದ ಹಾಗೆ. ಅಕ್ಕಪಕ್ಕದವರನ್ನು ವಿಚಾರಿಸಿಕೊಳ್ಳಿ ಅನ್ನುತ್ತಿದ್ದರು. ಉಕ್ಕುವ ನದಿಯಲ್ಲಿ ಯಾರೋ ದೋಣಿ ಇಳಿಸಿದ್ದರು. ಅಂಥವರಿಗೆ ಹೇಳೋಕೆ ನನ್ನ ಹತ್ತಿರ ಬೇಕಾದಷ್ಟು ಪದಗಳಿವೆ, ಆದರೆ ಇಲ್ಲಿ ಬಳಸೋ ಹಾಗಿಲ್ಲ ಅಂದರು. ನಿದ್ದೆಯಿಲ್ಲದೆ ಅವರ ಕಣ್ಣು ಕೆಂಪಾಗಿತ್ತು. ಸ್ವಲ್ಪ ಮಲಗಿ ಮಾರಾಯ್ರೇ ಅಂತ ಊರ ಜನ ಟ್ವಿಟರ್‌ನಲ್ಲಿ ಬೇಡಿಕೊಂಡರು. ಅದಕ್ಕೆ ‘ನ್ಯಾಪ್ ಫಾರ್ ನೆನ್ಶಿ’ ಅಂತ ಹ್ಯಾಶ್‌ಟ್ಯಾಗೇ ಹುಟ್ಟಿತು. ಆಳುವವರ ನಿದ್ದೆಗಾಗಿ ಜನ ಕಳವಳಪಟ್ಟದ್ದನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಅವರು ಪಾಠ ಮಾಡುವವರೇ. ಮೌಂಟ್ ರಾಯಲ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರು. ತಂದೆತಾಯಿ ತಾಂಜಾನಿಯಾದಿಂದ ಕೆನಡಾಕ್ಕೆ ಬಂದವರು, ಮೂಲದಲ್ಲಿ ಗುಜರಾತಿ ಇಸ್ಮಾಯಿಲಿ ಮುಸ್ಲಿಂ ಮನೆತನ. 1972ರಲ್ಲಿ ಟೊರಾಂಟೊದಲ್ಲಿ ಹುಟ್ಟಿ ಕ್ಯಾಲ್ಗರಿಯಲ್ಲಿ ಬೆಳೆದರು. ನಾನು ಓದಿದ ವಿಶ್ವವಿದ್ಯಾಲಯದಲ್ಲೇ ಬಿ.ಕಾಂ. ಮಾಡಿ, ವಿದ್ಯಾರ್ಥಿ ಸಂಘದ ಅಧ್ಯಕ್ಷರೂ ಆಗಿದ್ದರು. ಆಮೇಲೆ ಹಾರ್ವರ್ಡ್. 2010ರಲ್ಲಿ ಮೇಯರ್ ಚುನಾವಣೆಗೆ ನಿಂತಾಗ ಹೆಚ್ಚಿನವರಿಗೆ ಅವರ ಹೆಸರೇ ಗೊತ್ತಿರಲಿಲ್ಲವಂತೆ. ಪ್ರಚಾರಕ್ಕೆ ನೇರಳೆ ಬಣ್ಣ ಆರಿಸಿಕೊಂಡರು. ಲಿಬರಲ್ ಪಕ್ಷದ ಕೆಂಪು, ಕನ್ಸರ್ವೇಟಿವ್ ಪಕ್ಷದ ನೀಲಿ ಎರಡೂ ಬೆರೆತ ಬಣ್ಣ ಅದು. ಸುಮಾರು ಶೇ 40 ಓಟು ಪಡೆದು ಗೆದ್ದರು. ಉತ್ತರ ಅಮೆರಿಕದ ದೊಡ್ಡ ನಗರವೊಂದಕ್ಕೆ ಮೊದಲ ಮುಸ್ಲಿಂ ಮೇಯರ್.

ಒಂದು ಮಾತು ಇಲ್ಲಿ ಹೇಳಬೇಕು. ಬೆಂಗಳೂರಿನ ಮೇಯರ್‌ಗೆ ಇದ್ದದ್ದು ಒಂದೇ ವರ್ಷದ ಅವಧಿ, ಆರಿಸುತ್ತಿದ್ದವರು ಕಾರ್ಪೊರೇಟರ್‌ಗಳು. ಕ್ಯಾಲ್ಗರಿಯಲ್ಲಿ ಜನರೇ ನೇರ ಆರಿಸುತ್ತಾರೆ. ಆದರೂ 15 ಜನರ ಕೌನ್ಸಿಲ್‌ನಲ್ಲಿ ಮೇಯರ್‌ಗೆ ಇರೋದು ಒಂದೇ ಓಟು. ಹಾಗಾಗಿ ಮಾತಾಡಿ ಒಪ್ಪಿಸದೆ ಕೆಲಸ ಆಗೋದಿಲ್ಲ. ಅವರಿಗೆ ಆ ಕಲೆ ಇತ್ತು.

ನೀರು ಇಳಿದ ಮೇಲೆ ಸ್ವಯಂಸೇವಕರು ಬೇಕು, ಮ್ಯಾಕ್‌ಮಹೊನ್ ಸ್ಟೇಡಿಯಂಗೆ ಬನ್ನಿ ಅಂತ ನಗರಾಡಳಿತ ಕರೆಯಿತು. ನಮ್ಮ ಕ್ಯಾಂಪಸ್ ಪಕ್ಕವೇ. ನಾವಿಬ್ಬರೂ ಹೋದೆವು. ನೋಡಿದರೆ ಜನವೋ ಜನ! ಅಂದುಕೊಂಡಿದ್ದಕ್ಕಿಂತ ಎಷ್ಟೋ ಜಾಸ್ತಿ ಮಂದಿ ಬಂದಿದ್ದರು. ನಮ್ಮ ಪಾಲಿಗೆ ಬಂದದ್ದು ಒಬ್ಬ ಅಜ್ಜಿಯ ಮನೆ. ನೆಲಮಾಳಿಗೆ ತುಂಬ ಮೊಣಕಾಲುದ್ದ ಕೆಸರು. ಬಕೆಟ್ಟಿಗೆ ತುಂಬಿ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿದೆವು. ನೆನೆದ ಕಾರ್ಪೆಟ್ ಎತ್ತೋಕೆ ಆರು ಜನ ಬೇಕಾಯಿತು. ಅಜ್ಜಿ ಮಾತ್ರ ಅಂಗಳದಲ್ಲಿ ಕೂತು ಒದ್ದೆ ಫೋಟೊಗಳನ್ನು ಒಂದೊಂದಾಗಿ ಬಿಡಿಸಿ, ಹುಲ್ಲಿನ ಮೇಲೆ ಹರವಿ, ಹಾರದ ಹಾಗೆ ಕಲ್ಲು ಇಡುತ್ತಿದ್ದರು. ಮದುವೆ ಫೋಟೊದಲ್ಲಿ ಗಂಡನ ಮುಖ ಅಳಿಸಿಹೋಗಿತ್ತು. ಅದನ್ನೂ ಒಣಗಿಸಿದರು.

ಆ ಅಕ್ಟೋಬರ್‌ನಲ್ಲಿ ನೆನ್ಶಿ ಶೇ 74 ಓಟು ಪಡೆದು ಮತ್ತೆ ಗೆದ್ದರು. 2014ರ ವಿಶ್ವ ಮೇಯರ್ ಪ್ರಶಸ್ತಿಯೂ ಬಂತು. 2017ರ ಮೂರನೇ ಗೆಲುವು ಅಷ್ಟು ಸಲೀಸಾಗಿರಲಿಲ್ಲ. 2026ರ ಚಳಿಗಾಲದ ಒಲಿಂಪಿಕ್ಸ್ ನಮ್ಮೂರಿಗೆ ಬರಲಿ ಅಂತ ಅವರು ಆಸೆಪಟ್ಟಿದ್ದರು. 2018ರ ನವೆಂಬರ್‌ನಲ್ಲಿ ಜನರನ್ನೇ ಕೇಳಿದರು, ಶೇ 56 ಮಂದಿ ಬೇಡ ಅಂದರು. ಅಲ್ಲಿಗೆ ಆ ಯೋಜನೆ ಮುಗಿಯಿತು. ಜನರ ಮಾತಿಗೆ ಬೆಲೆ ಅಂದರೆ ಅದೇ ಅಲ್ವಾ? 2021ರಲ್ಲಿ ಅವರು ಮತ್ತೆ ನಿಲ್ಲಲಿಲ್ಲ. 2024ರಲ್ಲಿ ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯದ ಎನ್‌ಡಿಪಿ (ನ್ಯೂ ಡೆಮಾಕ್ರಟಿಕ್ ಪಾರ್ಟಿ) ಪಕ್ಷದ ನಾಯಕರಾದರು.

ನಾನು ಆ ಊರು ಬಿಟ್ಟು ಬಹಳ ವರ್ಷವಾಯಿತು. 2025ರ ಜೂನ್‌ನಲ್ಲಿ, ಪ್ರವಾಹ ಬಂದು 12 ವರ್ಷವಾದ ವಾರದಲ್ಲೇ, ದಾವಣಗೆರೆಯ ಗೆಳೆಯ ಫೋನ್ ಮಾಡಿದ. ಅಷ್ಟು ಹೊತ್ತಿಗೆ ಅವನು ಎಡ್ಮಂಟನ್ ನಗರಕ್ಕೆ ಮನೆ ಬದಲಿಸಿದ್ದ. ಅಲ್ಲಿನ ಎಡ್ಮಂಟನ್-ಸ್ಟ್ರಾಥ್ಕೋನಾ ಕ್ಷೇತ್ರದ ಉಪಚುನಾವಣೆಗೆ ನೆನ್ಶಿ ನಿಂತಿದ್ದರು. "ಈಗ ತಾನೇ ಓಟು ಹಾಕಿ ಬಂದೆ ಕಣೋ" ಅಂದ. ಯಾರಿಗೆ ಅಂತ ನಾನು ಕೇಳಲಿಲ್ಲ. ಆ ಅಜ್ಜಿ ಹೇಗಿದ್ದಾರೆ ಅಂತ ಕೇಳಿದೆ.