ಹೊಸ ಔಷಧಿಯ ಮೊದಲ ವರ್ಷದ ರೋಗಿಗಳು

ಬೆಂಗಳೂರಿನ ಕಚೇರಿಯಲ್ಲಿ ಕುಳಿತು ಅಮೆರಿಕದ ಆರೋಗ್ಯ ವಿಮೆಯ ಬಿಲ್ಲುಗಳ ದತ್ತಾಂಶವನ್ನು ವಿಶ್ಲೇಷಿಸುವುದು ನನ್ನ ಕೆಲಸ. ರೋಗಿಯ ಹೆಸರು ನಮಗೆ ಕಾಣುವುದಿಲ್ಲ. ಒಂದು ಸಂಖ್ಯೆ, ರೋಗದ ಸಂಕೇತ, ಔಷಧಿ ಕೊಂಡ ದಿನಾಂಕ, ಇಷ್ಟೇ. ತೀವ್ರ ಇಸುಬಿಗೆ, ಅಂದರೆ ಎಕ್ಸಿಮಾಕ್ಕೆ, ಕೊಡುವ ಡುಪಿಲುಮ್ಯಾಬ್ ಚುಚ್ಚುಮದ್ದಿನ ಕುರಿತು ವರದಿ ಸಿದ್ಧಪಡಿಸುವಾಗ ನಾನು ಮಾಡಿದ ತಪ್ಪೊಂದನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಈ ಔಷಧಿಗೆ ಅಮೆರಿಕದಲ್ಲಿ ವಯಸ್ಕರಿಗೆ ಅನುಮೋದನೆ ಸಿಕ್ಕಿದ್ದು 2017ರ ಮಾರ್ಚ್‌ನಲ್ಲಿ. ಆ ವರ್ಷ ಚುಚ್ಚುಮದ್ದು ಆರಂಭಿಸಿದವರನ್ನು 2021ರಲ್ಲಿ ಆರಂಭಿಸಿದವರೊಂದಿಗೆ ಹೋಲಿಸಿದಾಗ, ಎರಡನೆಯ ಗುಂಪಿನವರು ನಂತರದ ತಿಂಗಳುಗಳಲ್ಲಿ ಕೊಂಡ ಪ್ರೆಡ್ನಿಸೋನ್ ಮಾತ್ರೆಗಳು, ಅಂದರೆ ಇಸುಬು ಉಲ್ಬಣಿಸಿದಾಗ ನುಂಗುವ ಸ್ಟಿರಾಯ್ಡ್, ಬಹಳ ಕಡಿಮೆಯಿದ್ದವು. 'ಫಲಿತಾಂಶ ವರ್ಷದಿಂದ ವರ್ಷಕ್ಕೆ ಸುಧಾರಿಸುತ್ತಿದೆ' ಎಂದು ಬರೆದುಬಿಟ್ಟೆ. ನಮ್ಮ ತಂಡದ ಚರ್ಮರೋಗ ತಜ್ಞೆ ಆ ಸಾಲಿನ ಕೆಳಗೆ ಗೆರೆ ಎಳೆದು, "ಚುಚ್ಚುಮದ್ದಿಗೆ ಮೊದಲು ಇವರು ಎಷ್ಟು ಮಾತ್ರೆ ನುಂಗುತ್ತಿದ್ದರು, ನೋಡಿದ್ದೀರಾ?" ಎಂದು ಕೇಳಿದರು. ನೋಡಿರಲಿಲ್ಲ.

ಅಂದು ಸಂಜೆ ಒಂದೊಂದೇ ಸಂಖ್ಯೆಯನ್ನು ತೆರೆದು ಓದಿದೆ. 2017ರ ಒಬ್ಬರ ದಾಖಲೆಯಲ್ಲಿ ಮೇಲಿಂದ ಮೇಲೆ ಪ್ರೆಡ್ನಿಸೋನ್, ಆಮೇಲೆ ಕೆಲವು ತಿಂಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಸ್ಪೊರಿನ್, ಅದನ್ನು ನಿಲ್ಲಿಸಿ ಅಂಥದ್ದೇ ಆದ ಮೆಥೋಟ್ರೆಕ್ಸೇಟ್, ನಡುನಡುವೆ ಯಕೃತ್ತಿನ ರಕ್ತಪರೀಕ್ಷೆಗಳು, ಕೊನೆಗೆ ಅನುಮೋದನೆಯಾದ ಕೆಲವೇ ವಾರಗಳಲ್ಲಿ ಡುಪಿಲುಮ್ಯಾಬ್. ಬೇರೆಲ್ಲ ದಾರಿ ಮುಗಿದು, ಹೊಸದೊಂದು ಬರುವುದನ್ನೇ ಕಾಯುತ್ತಿದ್ದವರು ಇವರು. 2021ರ ದಾಖಲೆಗಳಲ್ಲಿ ಹಲವರಿಗೆ ಹಿಂದೆ ಇದ್ದದ್ದು ಹಚ್ಚುವ ಮುಲಾಮು ಮಾತ್ರ. ವೈದ್ಯರಿಗೆ ಔಷಧಿಯ ಪರಿಚಯ ಬೆಳೆದಂತೆ, ಕಣ್ಣು ಕೆಂಪಾಗುವಂತಹ ಅಡ್ಡಪರಿಣಾಮಗಳನ್ನು ನಿಭಾಯಿಸುವುದು ರೂಢಿಯಾದಂತೆ, ಅಷ್ಟೇನೂ ಉಲ್ಬಣಿಸದವರಿಗೂ ಅದನ್ನು ಬರೆಯತೊಡಗಿದ್ದರು.

ವಯಸ್ಸಿನ ಲೆಕ್ಕ ಬೇರೆಯೇ. 2019ರಲ್ಲಿ 12 ತುಂಬಿದವರಿಗೆ, 2020ರಲ್ಲಿ 6 ತುಂಬಿದ ಮಕ್ಕಳಿಗೆ, 2022ರಲ್ಲಿ ಆರು ತಿಂಗಳ ಕೂಸಿಗೂ ಅನುಮತಿ ದೊರೆಯಿತು. ಪ್ರತಿಸಲವೂ ನಮ್ಮ ಗುಂಪಿನ ಸ್ವರೂಪ ಬದಲಾಯಿತು. 2018ರ ಅಕ್ಟೋಬರ್‌ನಲ್ಲಿ ಆಸ್ತಮಾಕ್ಕೂ ಒಪ್ಪಿಗೆ ಸಿಕ್ಕಿದ್ದರಿಂದ, ಔಷಧಿಯ ಹೆಸರೊಂದನ್ನೇ ನೋಡಿ ಎಣಿಸಿದರೆ ಇಸುಬೇ ಇಲ್ಲದವರೂ ಒಳಸೇರುತ್ತಾರೆ. 2022ರ ಜನವರಿಯಲ್ಲಿ ಉಪಾಡಾಸಿಟಿನಿಬ್, ಅಬ್ರೊಸಿಟಿನಿಬ್ ಎಂಬ ಮಾತ್ರೆಗಳಿಗೂ ಇಸುಬಿಗೆ ಒಪ್ಪಿಗೆ ಸಿಕ್ಕ ಮೇಲೆ, ಚುಚ್ಚುಮದ್ದಿಗೂ ಬಗ್ಗದ ರೋಗಿಗಳಿಗೆ ಹೊರಹೋಗುವ ದಾರಿಯೂ ತೆರೆಯಿತು.

ಇನ್ನೊಂದು ಸಣ್ಣ ಬಲೆ: ವಿಮೆ ಕಂಪನಿ ಬದಲಾಯಿಸಿದ ಹಳೆಯ ರೋಗಿ ನಮ್ಮ ಕಡತದಲ್ಲಿ ಹೊಸಬರಾಗಿ ಕಾಣುತ್ತಾರೆ. ನಿಜವಾಗಿ ಆರಂಭಿಸುವ ವಯಸ್ಕರಿಗೆ ಮೊದಲ ದಿನ 600 ಮಿಲಿಗ್ರಾಂ, ಆಮೇಲೆ ಎರಡು ವಾರಕ್ಕೊಮ್ಮೆ 300. ಹೀಗಾಗಿ ಮೊದಲ ಖರೀದಿಯ ಪ್ರಮಾಣವನ್ನು ನೋಡಿ ಸುಮಾರಾಗಿ ಬೇರ್ಪಡಿಸಬಹುದು.

ಆರಂಭಿಸಿದ ತ್ರೈಮಾಸಿಕದ ಪ್ರಕಾರ ಗುಂಪು ಮಾಡಿ, ಹಿಂದಿನ ಚಿಕಿತ್ಸೆ ಒಂದೇ ಬಗೆಯದಾಗಿದ್ದವರನ್ನು ಮಾತ್ರ ಹೋಲಿಸಿದಾಗ ನಾನು ಕಂಡಿದ್ದ ಸುಧಾರಣೆ ಬಹುಮಟ್ಟಿಗೆ ಕರಗಿತು. ಆ ಸಾಲನ್ನು ಅಳಿಸಿದೆ; ಅದಿದ್ದ ಪುಟದಲ್ಲಿ ಈಗ ಚುಚ್ಚುಮದ್ದಿಗೆ ಹಿಂದಿನ ಒಂದು ವರ್ಷದ ಔಷಧಿಗಳ ಕೋಷ್ಟಕವಿದೆ.