ಎಲೆ ಕೆಳಗಿಡದ ಭಾವ

ಅಕ್ಕನ ಮನೆಯಲ್ಲಿ ನಾವು ಪೋಕರ್ ಆಡುವುದು ಹುಣಸೆ ಬೀಜ ಇಟ್ಟು. ದುಡ್ಡು ಇಟ್ಟರೆ ಅಕ್ಕ ಕಾಫಿ ಕೊಡುವುದಿಲ್ಲ. ಬೀಜವಾದರೇನು, ಸೋತರೆ ಹೊಟ್ಟೆ ಉರಿಯುವುದು ಉರಿಯುವುದೇ. ಕಳೆದ ತಿಂಗಳು ಒಂದೇ ಆಟದಲ್ಲಿ 200 ಬೀಜ ಕಳೆದುಕೊಂಡೆ. ಮಾರನೆಯ ಬೆಳಿಗ್ಗೆ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂಬದಿಯಲ್ಲಿ ಲೆಕ್ಕ ಹಾಕುತ್ತ ಕುಳಿತೆ.

ನನ್ನ ಕೈಯಲ್ಲಿದ್ದದ್ದು ಇಸ್ಪೀಟಿನ ಏಳು ಮತ್ತು ಆರು. ಚಾಪೆಯ ಮೇಲೆ, ಇಬ್ಬರಿಗೂ ಸೇರಿದ ಎಲೆಗಳಾಗಿ, ಇಸ್ಪೀಟಿನ ರಾಜ, ಇಸ್ಪೀಟಿನ ಒಂಬತ್ತು, ಡೈಮನ್ ನಾಲ್ಕು, ಆಟಿನ್ ಎರಡು. ಬೀಳಬೇಕಾದದ್ದು ಇನ್ನೊಂದೇ ಎಲೆ. ಅದು ಇಸ್ಪೀಟಾದರೆ ಫ್ಲಶ್, ಅಂದರೆ ಒಂದೇ ಗುರುತಿನ ಐದು ಎಲೆ, ಇಲ್ಲವಾದರೆ ಬರಿಗೈ. ನಡುವೆ 100 ಬೀಜ ಇತ್ತು, ಭಾವ ಇನ್ನೂ 50 ತಳ್ಳಿದರು. ನನ್ನಲ್ಲಿ ಉಳಿದದ್ದು 200. ಅವರ ಮುಂದೆ ಅದಕ್ಕಿಂತ ದೊಡ್ಡ ರಾಶಿ.

ನನಗೆ ಕಾಣದ ಎಲೆ 46, ಅದರಲ್ಲಿ ಇಸ್ಪೀಟು 9. ಕಾಲ್ ಮಾಡಿದರೆ, ಅಂದರೆ ಅವರಿಟ್ಟಷ್ಟೇ ನಾನೂ ಇಟ್ಟರೆ, 9 ಸಲ 150 ಬರುತ್ತದೆ, 37 ಸಲ 50 ಹೋಗುತ್ತದೆ. ಬಂದದ್ದು 1350, ಹೋದದ್ದು 1850. 46ರಿಂದ ಭಾಗಿಸಿದರೆ ಸಲಕ್ಕೆ ಸುಮಾರು 11 ಬೀಜ ನಷ್ಟ. ನಿರೀಕ್ಷಿತ ಮೌಲ್ಯ ಎಂಬ ಭಾರಿ ಹೆಸರಿನ ಹಿಂದೆ ಇರುವುದು ಇಷ್ಟೇ ಲೆಕ್ಕ.

ರೈಸ್ ಮಾಡಿ, ಅಂದರೆ ಅವರಿಗಿಂತ ಹೆಚ್ಚು ಇಟ್ಟು, ಇದ್ದ 200 ಅನ್ನೂ ತಳ್ಳಿದರೆ? ಎದುರಿನವರು ಹೆದರಿ ಆಟ ಬಿಟ್ಟು ಎಲೆ ಕೆಳಗಿಟ್ಟರೆ ಆ 150 ಸುಮ್ಮನೆ ನನ್ನದು. ಇಡದಿದ್ದರೆ 9 ಸಲ 300 ಲಾಭ, 37 ಸಲ 200 ನಷ್ಟ. ಸರಾಸರಿ 102 ನಷ್ಟ. ನೂರಕ್ಕೆ 41 ಸಲ ಅವರು ಹೆದರಿದರೆ ನನ್ನ ಅಸಲಿಗೆ ಮೋಸವಿಲ್ಲ. ಎರಡಕ್ಕೊಂದು ಸಲ ಹೆದರಿದರೆ 24 ಲಾಭ. ಆ ರಾತ್ರಿ ಇದನ್ನೇ ಮನಸ್ಸಿನಲ್ಲಿ ಅಂದಾಜು ಮಾಡಿ, ಅರ್ಧಕ್ಕರ್ಧ ಹೆದರುತ್ತಾರೆ ಎಂದುಕೊಂಡು ಎಲ್ಲವನ್ನೂ ತಳ್ಳಿಬಿಟ್ಟೆ.

ಅಕ್ಕನಾಗಿದ್ದರೆ ಸರಿಯಾಗುತ್ತಿತ್ತು. ಒಂದು ಜೋಡಿ ಹಿಡಿದುಕೊಂಡು ಅಷ್ಟು ಬೀಜಕ್ಕೆ ಅವಳು ಕೈ ಹಾಕುವವಳಲ್ಲ. ಭಾವ ಬೇರೆ ಜಾತಿಯ ಪ್ರಾಣಿ. ಸಾಗರದ ಬಸ್ಸಿಗೆಂದು ನಿಂತರೆ, ಅದೇ ದಾರಿಯ ಜೀಪು ಖಾಲಿ ಬಂದು ನಿಂತರೂ ಹತ್ತುವುದಿಲ್ಲ, ‘ಬಸ್ಸಿಗೆ ಅಂತ ಬಂದಿದ್ದೇನಲ್ಲ’ ಎನ್ನುತ್ತಾರೆ. ನನ್ನ ರಾಶಿಯ ಕಡೆ ನೋಡದೆಯೇ ಎಣಿಸಿ ತಳ್ಳಿದರು. ಅವರಲ್ಲಿದ್ದದ್ದು ರಾಜರ ಜೋಡಿ. ಬಿದ್ದದ್ದು ಆಟಿನ್ ರಾಣಿ.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಕ್ಯಾಲೆಂಡರ್ ಹಾಳೆಯ ಕೊನೆಯ ಮೂಲೆಯಲ್ಲಿ ಹೊಳೆದದ್ದೇ ಬೇರೆ. ಭಾವ ಎಂದೂ ಎಲೆ ಕೆಳಗಿಡುವುದಿಲ್ಲ ಎಂದಾದರೆ, ನಾನು ಬರೀ ಕಾಲ್ ಮಾಡಿ, ಫ್ಲಶ್ ಬಿದ್ದ ಮೇಲೆ ಉಳಿದ 150 ತಳ್ಳಿದರೂ ಅವರು ಕೊಟ್ಟೇ ಕೊಡುತ್ತಾರೆ! ಆಗ 9 ಸಲ ಬರುವುದು 150 ಅಲ್ಲ, 300. 2700ರಲ್ಲಿ 1850 ಕಳೆದರೆ ಸಲಕ್ಕೆ 18ಕ್ಕೂ ಹೆಚ್ಚು ಲಾಭ. ಅದೇ ಎಲೆ, ಅದೇ ಬೀಜ. ಅಕ್ಕನಿಗೆ ರೈಸ್, ಭಾವನಿಗೆ ಕಾಲ್. ಯಾವ ಹಟ ನನ್ನ 200 ನುಂಗಿತೋ ಅದೇ ಹಟ ನನಗೆ ಸಂಬಳ ಕೊಡಬಹುದಿತ್ತು.

ಹೋದ ಶನಿವಾರ ಹೆಚ್ಚುಕಡಿಮೆ ಅಂಥದೇ ಎಲೆ ಬಂತು. ಭಾವ 50 ತಳ್ಳಿದರು. ನಾನು ತಣ್ಣಗೆ ಕಾಲ್ ಮಾಡಿದೆ. ಬಿದ್ದದ್ದು ಕಳಾವರ್ ಮೂರು.

ಭಾವ ರಾಶಿಯನ್ನು ಎರಡೂ ಕೈಯಲ್ಲಿ ಬಾಚಿಕೊಳ್ಳುತ್ತ, “ಏನಪ್ಪಾ, ಹೋದ ಸಲದ ಧೈರ್ಯ ಎಲ್ಲಿ ಹೋಯಿತು?” ಎಂದರು. ಅಕ್ಕ ಕೋಡುಬಳೆಯ ತಟ್ಟೆಯನ್ನು ನನ್ನ ಕಡೆ ಸರಿಸಿದಳು.