ಆಲ್ಜಿನೇಟ್-ಜೆಲಟಿನ್ ಜಾಲರಿ: ನಾಲ್ಕನೆಯ ಟಿಪ್ಪಣಿ

ಹಳೆಯ ಥ್ರೀಡಿ ಪ್ರಿಂಟರಿನಿಂದ ಪ್ಲಾಸ್ಟಿಕ್ ಕರಗಿಸುವ ಭಾಗವನ್ನು ಬಿಚ್ಚಿ, ಅಲ್ಲಿ 10 ಮಿಲಿಲೀಟರ್ ಸಿರಿಂಜನ್ನು ಕೂರಿಸಿದ ಮೇಲೆ ಯಂತ್ರದ ಕೆಲಸ ಬಹುಮಟ್ಟಿಗೆ ಮುಗಿದಿದೆ. ಉಳಿದಿರುವುದು ಅದರಿಂದ ಮುದ್ರಿಸುವ ಜೆಲ್‌ನ ತಕರಾರು. ಮನೆಯಲ್ಲಿ ಜೀವಕೋಶ ಬೆಳೆಸುವ ಉದ್ದೇಶ ನನಗಿಲ್ಲ. ಅವುಗಳಿಗೆ ಆಸರೆಯಾಗಬಲ್ಲಂಥ ಜಾಲರಿಯೊಂದು 37 ಡಿಗ್ರಿಯ ದ್ರವದಲ್ಲಿ ಒಂದು ವಾರ ಆಕಾರ ಕೆಡದೆ ನಿಲ್ಲಬೇಕು, ಅಷ್ಟೇ.

ಮಿಶ್ರಣದಲ್ಲಿರುವುದು ಶೇ. 4 ಸೋಡಿಯಂ ಆಲ್ಜಿನೇಟ್ ಮತ್ತು ಶೇ. 8 ಜೆಲಟಿನ್. ಕಂದು ಕಡಲಕಳೆಯಿಂದ ಬರುವ ಆಲ್ಜಿನೇಟ್‌ನಲ್ಲಿ ಜೀವಕೋಶಗಳಿಗೆ ಹಿಡಿತ ಸಿಗುವುದಿಲ್ಲ. ಪ್ರಾಣಿಗಳ ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನ್‌ನಿಂದ ತಯಾರಾಗುವ ಜೆಲಟಿನ್ ಆ ಹಿಡಿತವನ್ನು ಕೊಡುವುದಲ್ಲದೆ, ತಣ್ಣಗಾದಾಗ ಗಟ್ಟಿಯಾಗಿ ಮುದ್ರಣದ ಹೊತ್ತಿನಲ್ಲಿ ಎಳೆಯನ್ನು ಹರಡದಂತೆ ಕಾಯುತ್ತದೆ. ಆದರೆ ಕೋಣೆ 31 ಡಿಗ್ರಿಗೆ ಏರಿದ ಮಧ್ಯಾಹ್ನ ಸೂಜಿಯಿಂದ ಬಂದದ್ದು ಬರೀ ಹನಿ. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಒಣ ಶಾವಿಗೆಯಂತೆ ತುಂಡುತುಂಡು. ಈಗ ಮಿಶ್ರಣವನ್ನು 40 ಡಿಗ್ರಿಗೆ ಬಿಸಿಮಾಡಿ, ಸಿರಿಂಜಿನ ಸುತ್ತ 24 ಡಿಗ್ರಿಯ ನೀರು ಹರಿಸಿ ಅರ್ಧ ಗಂಟೆ ಬಿಟ್ಟು, ಆಮೇಲೆ ಸಕ್ಕರೆಪಾಕದ ಹದ ನೋಡುವವರ ಹಾಗೆ ಎಳೆಯನ್ನು ಇಳಿಬಿಟ್ಟು ನೋಡುತ್ತೇನೆ. 0.41 ಮಿಲಿಮೀಟರ್ ಒಳವ್ಯಾಸದ 22 ಗೇಜ್ ಸೂಜಿಯಿಂದ ಎಳೆ ಕಡಿಯದೆ ಮೂರು ಬೆರಳಿನಷ್ಟು ಉದ್ದ ಇಳಿದರೆ ಹದ ಬಂದಂತೆ.

ಮುದ್ರಿಸಿದ ಜಾಲರಿಯನ್ನು ಶೇ. 2 ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ 10 ನಿಮಿಷ ಮುಳುಗಿಸುತ್ತೇನೆ. ಆಲ್ಜಿನೇಟ್ ಸರಪಳಿಗಳ ನಡುವೆ ಕ್ಯಾಲ್ಸಿಯಂ ಅಯಾನುಗಳು ಟ್ರೇಯಲ್ಲಿಟ್ಟ ಮೊಟ್ಟೆಗಳಂತೆ ಕೂತು ಎರಡು ಬದಿಯನ್ನೂ ಬಿಗಿಯುತ್ತವೆ. ಹೀಗಿದ್ದೂ ಮೂರನೆಯ ದಿನ ಮೂಲೆಗಳು ಮೆತ್ತಗಾದವು. ನಾನು ಸುಮ್ಮನೆ ಮಿಶ್ರಣವನ್ನು ದೂರುತ್ತಿದ್ದೆ. ತಪ್ಪಿದ್ದದ್ದು ಜಾಲರಿಯನ್ನು ಇಟ್ಟಿದ್ದ ಫಾಸ್ಫೇಟ್ ಲವಣ ದ್ರಾವಣದಲ್ಲಿ. ಅದರ ಸೋಡಿಯಂ ಕ್ಯಾಲ್ಸಿಯಂನ ಜಾಗ ಹಿಡಿಯುತ್ತದೆ, ಫಾಸ್ಫೇಟ್ ಹೊರಬಂದ ಕ್ಯಾಲ್ಸಿಯಂ ಜತೆ ಸೇರಿ ಬಿಳಿ ಗಸಿಯಾಗುತ್ತದೆ. ಬಟ್ಟಲಿನ ತಳದಲ್ಲಿ ಆ ಗಸಿ ಮೊದಲ ದಿನವೇ ಇತ್ತು, ನಾನು ಧೂಳೆಂದುಕೊಂಡಿದ್ದೆ. ಫಾಸ್ಫೇಟ್ ಇಲ್ಲದ, ತುಸು ಕ್ಯಾಲ್ಸಿಯಂ ಬೆರೆಸಿದ ಉಪ್ಪುನೀರಿಗೆ ಬದಲಾಯಿಸಿದ ಮೇಲೆ ಐದನೆಯ ದಿನವೂ ಜಾಲರಿಯ ಕಿಂಡಿಗಳು ಚೌಕವಾಗಿಯೇ ಉಳಿದಿವೆ.

ಜೆಲಟಿನ್ ಮಾತ್ರ 37 ಡಿಗ್ರಿಯಲ್ಲಿ ಕರಗಿ ಸೋರುತ್ತಲೇ ಇದೆ. ಇದಕ್ಕೆ ಮೆಥಾಕ್ರಿಲೇಟ್ ಮಾಡಿದ, ಅಂದರೆ ಬೆಳಕಿನಿಂದ ಬಿಗಿಯುವಂತೆ ರಾಸಾಯನಿಕವಾಗಿ ಬದಲಿಸಿದ, ಜೆಲಟಿನ್ ಬಳಸಿ, 405 ನ್ಯಾನೋಮೀಟರ್‌ನ ನೇರಳೆ ಬೆಳಕಿನಲ್ಲಿ ಬಿಗಿಯುವುದು ಬಲ್ಲವರ ದಾರಿ. ಆದರೆ ಅದರ ತಯಾರಿಕೆಗೆ ಬೇಕಾದ ಮೆಥಾಕ್ರಿಲಿಕ್ ಅನ್‌ಹೈಡ್ರೈಡ್ ಮನೆಯೊಳಗೆ ಬಾಟಲಿ ತೆರೆಯುವಂಥ ವಸ್ತುವಲ್ಲವಾದ್ದರಿಂದ, ಸಿದ್ಧ ಪುಡಿಯನ್ನೇ ತರಿಸಿಕೊಳ್ಳಬೇಕು. ಅದು ಬರುವವರೆಗೆ ಕ್ಯಾಲ್ಸಿಯಂನಲ್ಲಿ ಮುಳುಗಿಸುವ ಹೊತ್ತನ್ನು 5, 10, 20 ನಿಮಿಷಗಳಿಗೆ ಬದಲಿಸಿ, ಪ್ರತಿದಿನ ಜಾಲರಿಯ ತೂಕ ಬರೆದಿಡುತ್ತಿದ್ದೇನೆ.